ಒಣಗಿಸಿದ ದೋಣಿ

ಕೆಟ್ಟದ್ದನ್ನು ರಿಪೇರಿ ಮಾಡಲು ಹೋಗಿ ಇನ್ನಷ್ಟು ಕೆಡಿಸುವವರು ಊರಿಗೊಬ್ಬರಾದರೂ ಇರುತ್ತಾರೆ. ನಾನು ಅವರಿಗಿಂತ ಒಂದು ಕೈ ಮೇಲು. ಕೆಡದೇ ಇದ್ದ ದೋಣಿಯನ್ನು ರಿಪೇರಿ ಮಾಡಿ ಕೆಡಿಸಿದವನು.

ತೊಂಬತ್ತರ ದಶಕದ ಕೊನೆಯ ಮಾತು. ಕಳಸದ ಹತ್ತಿರ, ಭದ್ರೆಯ ಈಚೆ ದಡದಲ್ಲಿ ನನ್ನ ನಾಲ್ಕೆಕರೆ ಕಾಫಿ ತೋಟ. ಆಚೆ ದಡದಲ್ಲಿ ದೋಣಿ ನಡೆಸುವ ಶೇಷಣ್ಣನವರ ಮನೆ. ಹೆಂಡತಿ ತೀರಿಕೊಂಡ ಮೇಲೆ ನಾನು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟೆ. ಬರಬರುತ್ತಾ ಜನ ಕರೆಯುವುದನ್ನೂ ಬಿಟ್ಟರು. ಉಳಿದವರು ಶೇಷಣ್ಣ ಒಬ್ಬರೇ. ಸಂಜೆ ಹೊಳೆ ದಾಟಿ ಬಂದು, ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು, ನೀರು ಎಷ್ಟು ಇಳಿಯಿತು, ಯಾವ ಬಂಡೆ ಮೇಲೆದ್ದಿತು ಎಂದು ಹೇಳುವರು. ಅಂಥ ದೊಡ್ಡ ಸುದ್ದಿಯೇನಲ್ಲ. ಆದರೆ ಕೂಲಿ, ಗೊಬ್ಬರ ಬಿಟ್ಟು ನನ್ನ ಕಿವಿಗೆ ಬೀಳುತ್ತಿದ್ದ ಮಾತು ಅದೊಂದೇ. ತೂಗುಸೇತುವೆ ಬಂದು ದೋಣಿಗೆ ಕೆಲಸ ತಪ್ಪಿದ ಮೇಲೂ ಅವರು ಸೇತುವೆ ಮೇಲೆ ನಡೆದು ಬರುತ್ತಿದ್ದರು.

ಒಂದು ಬೇಸಗೆಯಲ್ಲಿ ಅವರು ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಕೊಪ್ಪಕ್ಕೆ ಹೋದರು. ನನಗೆ ಸಂಜೆ ಕಳೆಯುವುದೇ ಕಷ್ಟವಾಯಿತು. ಸುಮ್ಮನೆ ಹೊಳೆಯ ಕಡೆ ಹೋದರೆ, ಇಳಿದ ನೀರಿನಡಿ ದೋಣಿ ಮುಳುಗಿ ಕೂತಿತ್ತು, ಮೈತುಂಬ ಕಲ್ಲು. ಪಾಪ, ಯಾರಿಗೂ ಬೇಡವಾಯಿತಲ್ಲ ಎನ್ನಿಸಿತು. ಆ ಮರುಕ ಪೂರ್ತಿ ದೋಣಿಯ ಮೇಲಿನದಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಶೇಷಣ್ಣ ಬರುವುದರೊಳಗೆ ಅದನ್ನು ಹೊಸದರಂತೆ ಮಾಡಿಡಬೇಕೆಂದು ಹಟ ಹಿಡಿದೆ.

ನಾವು ಕಾಫಿಯವರು ಒದ್ದೆ ವಸ್ತು ಕಂಡರೆ ಸುಮ್ಮನಿರುವವರಲ್ಲ. ವರ್ಷದ ಅರ್ಧ ಬೂಷ್ಟಿನ ಜೊತೆ ಗುದ್ದಾಡಿದ್ದಕ್ಕೋ ಏನೋ, ಕಾಫಿ, ಮೆಣಸು, ಕಂಬಳಿ, ಬೆಂಕಿಪೊಟ್ಟಣ ಎಲ್ಲವೂ ಒಣಗಿದರೆ ಉಳಿಯಿತು ಎಂಬುದು ನಮ್ಮ ವೇದಾಂತ. ದೋಣಿಯ ಕಲ್ಲು ಇಳಿಸಿ, ನಾಲ್ಕು ಆಳು ಹಚ್ಚಿ, ಟ್ರಾಕ್ಟರಿನಲ್ಲಿ ಕಾಫಿ ಕಣಕ್ಕೆ ತರಿಸಿದೆ. ಕೊಯ್ಲು ಮುಗಿದು ಸಿಮೆಂಟಿನ ಕಣ ಖಾಲಿಯಿತ್ತು, ಬಿಸಿಲಂತೂ ಧಾರಾಳ. ಕಾಫಿಹಣ್ಣನ್ನು ಮಗುಚುವಂತೆ ದೋಣಿಯನ್ನೂ ದಿನಕ್ಕೊಮ್ಮೆ ಮಗುಚಿಸಿದೆ. ಒಣಗಿದ ಹಣ್ಣನ್ನು ಕಿವಿಯ ಹತ್ತಿರ ಕುಲುಕಿ ನೋಡುತ್ತೇವಲ್ಲ, ದೋಣಿಯನ್ನು ಕುಲುಕಲಾಗದೆ ಬೆರಳಿನಿಂದ ತಟ್ಟಿ ಕೇಳಿದೆ. ಹತ್ತನೆಯ ದಿನ ಸದ್ದು ಬಹಳ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತು. ಬಿರುಕಿಗೆ ಡಾಂಬರು ತುಂಬಿದೆ. ಅದು ಬಿಸಿಲಿಗೆ ಕರಗಿ ಇಳಿಯಿತೆಂದು ಸಿಮೆಂಟು ಮೆತ್ತಿದೆ. ಕೊನೆಗೆ ಗೇಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಬಳಿದು, ದೂರದಿಂದ ನೋಡಿದರೆ ಪರವಾಗಿಲ್ಲ ಎಂದುಕೊಂಡೆ.

ಶೇಷಣ್ಣ ಬಂದವರು ದೂರದಿಂದ ನೋಡಲಿಲ್ಲ. ಹತ್ತಿರ ಹೋಗಿ ಬಿರುಕಿನ ಉದ್ದಕ್ಕೂ ಕೈಯಾಡಿಸಿದರು.

"ಅದು ಹಾಳಾಗಿ ಮುಳುಗಿದ್ದಲ್ಲ ಮಾರಾಯ್ರೆ. ಒಣಗಿ ಒಡೀಬಾರ್ದು ಅಂತ ನಾನೇ ಕಲ್ಲು ಹೇರಿ ಮುಳುಗ್ಸಿಟ್ಟಿದ್ದು. ನಮ್ಮಪ್ಪ ಕೊರೆದ ದೋಣಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮರುದಿನ ಸಂಜೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಎರಡು ಲೋಟ ಕಾಫಿ ಮಾಡಿ ಎರಡನ್ನೂ ಕುಡಿದು, ನಿದ್ದೆ ಬರದಿರುವುದಕ್ಕೆ ಕಾಫಿಯನ್ನು ದೂರಿದೆ. ವಾರ ಕಳೆಯಿತು. ಅವರು ಬಂದರೆ ಕ್ಷಮೆ ಕೇಳೋಣ ಎಂದು ಕಾಯುತ್ತಾ ಕೂತಿದ್ದವನಿಗೆ, ಕ್ಷಮೆ ಕೇಳಬೇಕಾದವನು ಹೋಗಬೇಕು ಎಂಬುದು ಹೊಳೆಯಲು ಇನ್ನೂ ನಾಲ್ಕು ದಿನ ಬೇಕಾಯಿತು.

ಹೊರಟೆ. ಸೇತುವೆ ದಾಟಿದ ಮೇಲೆ ಅವರ ಮನೆ ಯಾವ ಕಡೆ ಎಂದೇ ನನಗೆ ಗೊತ್ತಿರಲಿಲ್ಲ. ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬರನ್ನು ಕೇಳಿಕೊಂಡು ಹೋಗಬೇಕಾಯಿತು. ಅಷ್ಟು ವರ್ಷ ಅವರು ನನ್ನ ಜಗಲಿಗೆ ಬಂದಿದ್ದರು, ನಾನು ಒಮ್ಮೆಯೂ ಅವರ ಅಂಗಳ ತುಳಿದಿರಲಿಲ್ಲ. ದೋಣಿಗಿಂತ ಹಳೆಯ ತಪ್ಪು ಅದು.

ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ ಶೇಷಣ್ಣ ತಲೆಯೆತ್ತಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತು ಹೇಳುವ ಬದಲು ನಾನು ಕೆಳಗೆ ಬಿದ್ದಿದ್ದ ಬಿದಿರ ಸೀಳೊಂದನ್ನು ಎತ್ತಿಕೊಟ್ಟೆ. ಅವರು ಬೆಂಚಿನ ಮೇಲಿದ್ದ ಬಿದಿರು ಸರಿಸಿ ಜಾಗ ಮಾಡಿದರು, ಒಳಗಿದ್ದ ಹೆಂಡತಿಗೆ ಕಾಫಿಗೆ ನೀರಿಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸೇತುವೆ ಗಟ್ಟಿ ಉಂಟು ಅಂತ ಇಷ್ಟು ವರ್ಷಕ್ಕೆ ಈಗ ನಂಬಿಕೆ ಬಂತಾ?"