ಶಿವರಾಮು ಲಾರಿಗೆ ಲಾಕ್ ಹಾಕಿಸಿದ್ದು

ಶಿವರಾಮು ಕುಳಿತು ಟೀ ಕುಡಿದದ್ದನ್ನು ನಾನು ನೋಡಿಲ್ಲ. ಕಿರುಗಾವಲಿನ ನನ್ನ ಪಂಚರ್ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಇಳಿದರೆ, ಲೋಟ ಕೈಯಲ್ಲಿ ಹಿಡಿದುಕೊಂಡೇ ಗಾಡಿಗೆ ಒಂದು ಸುತ್ತು ಬರುತ್ತಾನೆ. ಟೈರಿಗೆ ಒದೆಯುತ್ತಾನೆ. ರಸ್ತೆಯ ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ. ಅರ್ಧ ಟೀ ಉಳಿದಿರುವಾಗಲೇ ಲೋಟ ಕಲ್ಲಿನ ಮೇಲೆ ಇಟ್ಟು ಹೊರಟಿರುತ್ತಾನೆ.

ಅವನದು ಆರು ಚಕ್ರದ ಹಳೇ ಲಾರಿ. ಗಾಡಿಯೂ ಅವನದೇ, ಡ್ರೈವರೂ ಅವನೇ. ಕಬ್ಬು ಅರೆಯುವ ಕಾಲದಲ್ಲಿ ಕಬ್ಬು ಹೊಡೆಯುತ್ತಾನೆ. ಉಳಿದ ಕಾಲದಲ್ಲಿ ಇಟ್ಟಿಗೆ, ಜಲ್ಲಿ, ಬಂಡೂರು ಕಡೆಯಿಂದ ಕುರಿಗೊಬ್ಬರ. ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ 'ಹೂತೋದ ಶಿವರಾಮು' ಎಂದು ಹೆಸರು ಬಿದ್ದಿತ್ತು. ಅದಕ್ಕೆ ಕಾರಣವಿತ್ತು.

ನಮ್ಮ ಕಡೆ ಕಬ್ಬು ಕಡಿಯುವ ಕೆಲವು ದಿನ ಮುಂಚೆ ಗದ್ದೆಗೆ ನೀರು ಬಿಡುವವರಿದ್ದಾರೆ. ನೀರು ಕುಡಿದ ಕಬ್ಬು ತೂಕ ಬರುತ್ತದೆ. ಕೇಳಿದರೆ ಯಾರೂ ಒಪ್ಪುವುದಿಲ್ಲ. ಪಕ್ಕದ ಭತ್ತದ ಗದ್ದೆಯಿಂದ ಬಸಿದು ಬಂತು ಎನ್ನುತ್ತಾರೆ. ಬೇರೆ ಡ್ರೈವರುಗಳು ಗದ್ದೆ ಆರುವ ತನಕ ಕಾಯುತ್ತಾರೆ, ಇಲ್ಲವೇ ಬದುವಿನ ಮೇಲೆ ಲಾರಿ ನಿಲ್ಲಿಸಿ ಅಲ್ಲಿಗೇ ಹೊರೆ ತರಿಸುತ್ತಾರೆ. ಶಿವರಾಮುವಿಗೆ ಆ ತಾಳ್ಮೆ ಇಲ್ಲ. ಕಬ್ಬು ಬಿದ್ದಿರುವ ಕಡೆಗೇ ನುಗ್ಗಿಸುತ್ತಾನೆ. ಲೋಡಾದ ಮೇಲೆ ಎಡಗಡೆಯ ಹಿಂದಿನ ಚಕ್ರ ಜಾರುತ್ತದೆ. ಅವನು ಇನ್ನೂ ಜೋರಾಗಿ ತುಳಿಯುತ್ತಾನೆ. ಚಕ್ರ ಗುಂಡಿ ತೋಡಿಕೊಂಡು ಇಳಿಯುತ್ತದೆ. ಅವನ ಎಡಗಡೆಯ ಟೈರುಗಳು ಎಷ್ಟು ಬೇಗ ಬೋಳಾಗುತ್ತವೆ ಎಂದು ನನಗೆ ಗೊತ್ತು, ಹಾಕಿಕೊಡುವವನು ನಾನೇ.

ಲಾರಿಯ ಹಿಂದಿನ ಎರಡು ಬದಿಯ ಚಕ್ರಗಳ ನಡುವೆ ಗೆಡ್ಡೆಯಂತೆ ಒಂದು ದಪ್ಪ ಭಾಗವಿದೆ. ನಾವು ಹೌಸಿಂಗ್ ಅನ್ನುತ್ತೇವೆ. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಸುತ್ತಬೇಕಲ್ಲ, ಅದಕ್ಕೆ ಅವಕಾಶ ಕೊಡುವ ಗೇರುಗಳು ಅದರೊಳಗಿವೆ. ಟಾರು ರಸ್ತೆಗೆ ಅದು ಬೇಕೇ ಬೇಕು. ಕೆಸರಿನಲ್ಲಿ ಅದರಿಂದಲೇ ಕೇಡು. ಒಂದು ಚಕ್ರ ಜಾರಿತೆಂದರೆ ಜಾರುವ ಚಕ್ರವೇ ಗಿರ್ರನೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತುಬಿಡುತ್ತದೆ.

ಹೂತ ಲಾರಿಯ ಕಬ್ಬನ್ನು ಇಳಿಸಬೇಕಾದವರು ಕಡಿದು ತುಂಬಿದವರೇ. ಇಳಿಸಬೇಕು, ಲಾರಿ ಎಳೆಸಿದ ಮೇಲೆ ಮತ್ತೆ ತುಂಬಬೇಕು. ಅದಕ್ಕೆ ಕೂಲಿ ಇಲ್ಲ, ಮೊದಲಿಂದ ಹಾಗೇ ನಡೆದುಬಂದಿದೆ. ಶಿವರಾಮುವಿನ ಜೊತೆ ಕಡಿಯುವ ಗುಂಪು ಅಂಕಮ್ಮನದು. ಗಂಡಸರು ಹೆಂಗಸರು ಸೇರಿ ಹತ್ತು ಹನ್ನೆರಡು ಜನ. ಅವಳ ಮಾತು ದಾಟುವವರು ಅದರಲ್ಲಿ ಯಾರೂ ಇಲ್ಲ. ಈ ಸಲ ಮಳವಳ್ಳಿ ರಸ್ತೆಯ ಪಕ್ಕದ ಗದ್ದೆಯೊಂದರಲ್ಲಿ ಲಾರಿ ಹೂತು ಕಬ್ಬು ಇಳಿಸುವಾಗ, ಅಂಕಮ್ಮನ ತಂಗಿ ಬೆಳ್ಳಮ್ಮ ಲಾರಿಗೆ ಆನಿಸಿದ್ದ ಹಲಗೆಯಿಂದ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಆಸ್ಪತ್ರೆಯಿಂದ ವಾಪಸು ಬರುವಾಗ ಅಂಕಮ್ಮ ನನ್ನ ಅಂಗಡಿ ಮುಂದೆಯೇ ಶಿವರಾಮುವನ್ನು ತಡೆದಳು.

"ಸಿವ್ರಾಮು, ಇಲ್ ಕೇಳು. ಇನ್ನೊಂದ್ ಕಿತ ನಿನ್ ಗಾಡಿ ಊತ್ಕಂಡು ನಾವು ಕಬ್ಬು ಇಳ್ಸಂಗಾದ್ರೆ, ಮಾರ್ನೆ ದಿನ್ವೇ ಟ್ಯಾಕ್ಟ್ರೋರ್ ಜೊತೆ ಒಂಟೋಯ್ತೀವಿ."

"ಅಕ್ಕ, ನಾನೇನ್ ಬೇಕು ಅಂತ..."

"ನೀನ್ ಬೇಕು ಅಂತ ಮಾಡ್ದೆ ಅಂತ ಯಾವೋಳ್ ಅಂದ್ಲು? ತಡ್ಕಳಕಾಗಲ್ಲ ನಿಂಗೆ, ಅಷ್ಟೇಯ. ಕೈ ಮುರ್ಕಂಡೋಳು ಅವ್ಳು."

ಗುಂಪು ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವವರ ಜೊತೆ ಹೋದರೆ ಶಿವರಾಮುವಿಗೆ ಈ ಹಂಗಾಮು ಮುಗಿದಂತೆಯೇ. ನಡು ಹಂಗಾಮಿನಲ್ಲಿ ಬೇರೆ ಗುಂಪು ಸಿಗುವುದಿಲ್ಲ. ಕಡಿಯುವವರಿಲ್ಲದ ಲಾರಿಯನ್ನು ರೈತ ಯಾಕೆ ಕರೆಯುತ್ತಾನೆ? ಆವತ್ತು ಅವನು ಟೀಯನ್ನೇ ಮುಟ್ಟಲಿಲ್ಲ.

ಆಮೇಲೆ ಅವನಿಗೆ ಮೊಬೈಲಿನ ಹುಚ್ಚು ಹಿಡಿಯಿತು. ಎಲ್ಲೋ ಹೊರದೇಶದಲ್ಲಿ ಹಿಮದ ಮೇಲೆ ಲಾರಿಗಳು ಏರು ಹತ್ತುವ ವಿಡಿಯೋ. ಒಂದು ಲಾರಿ ಜಾರಿ ನಿಂತಿರುತ್ತದೆ, ಡ್ರೈವರು ಒಂದು ಸ್ವಿಚ್ ಒತ್ತುತ್ತಾನೆ, ಎರಡು ಚಕ್ರವೂ ಒಟ್ಟಿಗೆ ಸುತ್ತಿ ಲಾರಿ ಹತ್ತಿಬಿಡುತ್ತದೆ. ಪಂಚರ್ ಹಾಕಿಸಲು ಬಂದವರಿಗೆಲ್ಲ ತೋರಿಸಿದ.

"ಇದ್ ನೋಡ್ಲಾ, ಲಾಕ್ ಅಂತೆ. ನಂಗೂ ಇದೇ ಬೇಕು."

"ನಮ್ಮಲ್ಲಿ ಹಿಮ ಎಲ್ಲದೆಲಾ?" ಎಂದೆ.

"ಜಾರದು ಒಂದೇ ತಾನೆ? ನಡಿ, ಮದ್ದೂರ್‌ಗೆ ಓಗವ."

ನಾನೂ ಹೋದೆ. ಒಬ್ಬನೇ ಹೋದರೆ ಮೊದಲು ಸಿಕ್ಕಿದ್ದನ್ನೇ ಹಾಕಿಸಿಕೊಂಡು ಬರುತ್ತಾನೆ ಎಂದು ಭಯವಿತ್ತು.

ಮದ್ದೂರಿನ ಮೆಕ್ಯಾನಿಕ್ ನಾಗರಾಜು ನಮ್ಮಿಬ್ಬರಿಗೂ ಹಳೇ ಸ್ನೇಹಿತ. ಲಾರಿಯ ಕೆಳಗೆ ಮಲಗಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡ.

"ಮೂರು ತರ ಅದೆ ಕಣ್ಲಾ. ಒಂದು, ಒಳಗಿನ ಗೇರ್‌ನೇ ವೆಲ್ಡಿಂಗ್ ಮಾಡ್ಬುಡದು. ಯಾವಾಗ್ಲೂ ಎರಡು ಚಕ್ರನೂ ಜೊತೇಲೇ ಸುತ್ತತ್ವೆ. ಸಂಜೀಕೆ ಗಾಡಿ ತಕ್ಕಂಡ್ ಓಗ್ಬೋದು."

"ಮಾಡು ಮತ್ತೆ!" ಶಿವರಾಮು ಆಗಲೇ ಶರ್ಟಿನ ತೋಳು ಮಡಿಸುತ್ತಿದ್ದ.

"ತಡ್ಕಳ್ಲಾ, ಮದ್ವೆಗಂಡು ಆಡ್ದಂಗ್ ಆಡ್ಬ್ಯಾಡ. ಎರಡ್ನೇದು, ಜೀಪ್‌ಗೆ ಆಕದು. ಚಕ್ರ ಜಾರುದ್ರೆ ತಾನೇ ವಸಿ ಇಡ್ಕತದೆ. ನಿನ್ ಲೋಡಿಗೆ ಅದು ಸಾಲಕಿಲ್ಲ. ಮೂರ್ನೇದು ಟಿಪ್ಪರ್‌ದು. ಕ್ಯಾಬಿನ್ನಲ್ಲಿ ಸ್ವಿಚ್ಚು, ಗಾಳಿ ಪೈಪು. ಬೇಕಾದಾಗ ಲಾಕು, ಬ್ಯಾಡ್ದಾಗ ಇಲ್ಲ. ಆದ್ರೆ ಅಂಥ ಹೌಸಿಂಗು ಮಂಡ್ಯದ ಗುಜ್ರೀಲಿ ಉಡುಕ್ಬೇಕು. ದಿನ ಇಡೀತದೆ."

ದಿನ ಎಂಬ ಮಾತು ಕೇಳಿದ್ದೇ ಶಿವರಾಮುವಿನ ಮುಖ ಬಿದ್ದುಹೋಯಿತು. ಸಂಜೆ ಎಂಬ ಮಾತು ಅವನ ತಲೆಯೊಳಗೆ ಕೂತಿತ್ತು. ಷೆಡ್ಡಿನ ಉದ್ದಕ್ಕೂ ಅತ್ತಿಂದಿತ್ತ ಓಡಾಡಿದ.

"ವೆಲ್ಡಿಂಗೇ ಮಾಡ್ಬುಡು. ಏನಾಗದು?"

ನಾಗರಾಜು ಲಾರಿಯ ಕೆಳಗಿಂದ ಎದ್ದು ಬಂದು ಕೈ ಒರೆಸಿಕೊಂಡ. "ಬೆಸಗರಹಳ್ಳೀಲಿ ಲಿಂಗಯ್ಯ ಅವ್ನೆ, ಮಿಲ್ಟ್ರೀಲಿ ಗಾಡಿ ಓಡ್ಸ್ದೋನು. ಅವುನ್ ಕೇಳ್ಕ ಬಾ. ಆಮ್ಯಾಕೂ ವೆಲ್ಡಿಂಗೇ ಅಂದ್ರೆ ಮಾಡ್ಕೊಡ್ತೀನಿ. ನಾಳೀಕೆ ಆಕ್ಸ್ಲು ಮುರೀತು ಅಂತ ನನ್ ಬಯ್ಯಂಗಿಲ್ಲ."

ಲಿಂಗಯ್ಯ ಸೈನ್ಯದಲ್ಲಿ ಲಡಾಖಿನ ಕಡೆ ಹಿಮದ ದಾರಿಯಲ್ಲಿ ಲಾರಿ ಓಡಿಸಿದವನು. ಈಗ ರೇಷ್ಮೆ ಸಾಕುತ್ತಾನೆ. ನಾವು ಹೋದಾಗ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ. ಸೊಪ್ಪು ಬಾಡಿಬಿಡುತ್ತದೆ, ಕೊಯ್ಯುತ್ತಲೇ ಮಾತಾಡುತ್ತೇನೆ ಎಂದ. ಶಿವರಾಮು ಅವನ ಹಿಂದೆ ಸಾಲಿನಿಂದ ಸಾಲಿಗೆ ಹೋಗುತ್ತ, ಕೇಳದಿದ್ದರೂ ತಾನೂ ಸೊಪ್ಪು ಕಿತ್ತು ಚೀಲಕ್ಕೆ ತುರುಕುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಎಳೇದೆಲ್ಲ ಕೀಳ್ಬ್ಯಾಡ ಮಾರಾಯ," ಎಂದ ಲಿಂಗಯ್ಯ. "ವೆಲ್ಡಿಂಗ್ ಮಾಡ್ಸ್‌ಬ್ಯಾಡ. ಒಂದ್ ಕಿತ ಐಸ್ ಮ್ಯಾಲೆ ಲಾಕ್ ತೆಗ್ಯದು ಮರ್ತು ತಿರುವ್ನಲ್ಲಿ ಸ್ಟೇರಿಂಗ್ ತಿರುಗ್ಸುದ್ನಾ? ಗಾಡಿ ತಿರುಗ್ನೇ ಇಲ್ಲ. ಮೂತಿ ನೆಟ್ಟಗೆ ಪ್ರಪಾತುದ್ ಕಡೀಕೇ ಓಯ್ತು. ನಮ್ ಪುಣ್ಯ, ಅಂಚಲ್ಲಿ ಹಿಮುದ್ ದಿಬ್ಬ ಇತ್ತು, ಅದುಕ್ ಗುದ್ಕಂಡ್ ನಿಂತ್ತು. ನೀನು ಮಳೇಲಿ ಕೊಳ್ಳೇಗಾಲದ್ ಕಡೆ ತಿರುವ್ನಲ್ಲಿ ಲೋಡ್ ತಕ್ಕಂಡ್ ಓದ್ರೆ?"

"ಹಂಗಾರೆ ಸ್ವಿಚ್ಚಿನ್ದು?"

"ಸ್ವಿಚ್ಚಿನ್ದೇ. ಆದ್ರೆ ಅದು ನಿಂಗೆ ಆಯ್ತದಾ ಅಂತ." ಲಿಂಗಯ್ಯ ಮೊದಲ ಸಲ ಅವನ ಮುಖ ನೋಡಿದ. "ಕೆಸ್ರಿಗ್ ಇಳ್ಯಕ್ ಮುಂಚೇನೇ ಆಕ್ಬೇಕು. ಚಕ್ರ ಗಿರಗಿರ ಅಂತಿರುವಾಗ ಒತ್ತುದ್ರೆ ಹಲ್ಲು ಮುರೀತದೆ. ಇನ್ನೊಂದು. ಲಾಕ್ ಅದೆ ಅಂತ ತುಳುದ್ರೆ ಇಷ್ಟ್ ದಿನ ಒಂದ್ ಗುಂಡಿ ತೋಡ್ತಿದ್ದೋನು ಎರಡ್ ಗುಂಡಿ ತೋಡ್ತೀಯ. ಗಾಡಿ ನಿಂತ್ತು ಅಂದ್ರೆ ಕಾಲ್ ತೆಗ್ದ್ಬುಡ್ಬೇಕು."

ವಾಪಸು ಬರುವಾಗ ದಾರಿಯುದ್ದಕ್ಕೂ ಶಿವರಾಮುವಿನ ಬಲಗಾಲು ಸುಮ್ಮನಿರದೆ ಅಲ್ಲಾಡುತ್ತಿತ್ತು.

ಟಿಪ್ಪರಿನ ಹೌಸಿಂಗ್ ಸಿಗುವ ತನಕ ಅವನು ಪಟ್ಟ ಪಾಡು ಹೇಳತೀರದು. ಲಾರಿ ಮದ್ದೂರಿನ ಷೆಡ್ಡಿನಲ್ಲಿ ನಿಂತಿತ್ತು, ಬೆಳಗಾದರೆ ಇವನಿಗೆ ಮಂಡ್ಯಕ್ಕೆ ಬಸ್ಸು. ಗುಜರಿಯವನು ನಾಳೆ ಬಾ ಅಂದರೆ ಮದ್ದೂರಿಗೆ ಹೋಗಿ ನಾಗರಾಜುವಿನ ತಲೆ ತಿನ್ನುವುದು. ಅಲ್ಲಿಂದ ಮಳವಳ್ಳಿಗೆ ಬಂದು ಅಂಕಮ್ಮನ ಗುಂಪು ಇನ್ನೂ ಅಲ್ಲೇ ಇದೆಯೇ ಎಂದು ದೂರದಿಂದ ನೋಡುವುದು. ಲಾರಿಯಿಲ್ಲದ ಆ ದಿನಗಳಲ್ಲಿ ಗುಂಪು ಬೆಲ್ಲದ ಆಲೆಮನೆಗೆ ಕಬ್ಬು ಕಡಿಯುತ್ತಿತ್ತು. ಅಲ್ಲಿಗೆ ಟ್ರ್ಯಾಕ್ಟರಿನವನು ಬಂದು ಅಂಕಮ್ಮನ ಜೊತೆ ಮಾತಾಡಿ ಹೋದ ಎಂದು ತಿಳಿದ ದಿನ ಅವನು ನನ್ನ ಅಂಗಡಿಗೆ ನಾಲ್ಕೈದು ಸಲ ಬಂದು ಹೋದ. ಬಂದ, ನಿಂತ, ಹೋದ.

ಕೊನೆಗೆ ಹೌಸಿಂಗ್ ಸಿಕ್ಕಿತು. ನಾಗರಾಜು ಕೂರಿಸಿಕೊಟ್ಟ. ಸ್ಟೇರಿಂಗ್ ಪಕ್ಕದಲ್ಲಿ ಒಂದು ಕೆಂಪು ಸ್ವಿಚ್ಚು ಬಂತು. ಮೊದಲ ಕಟಾವು ಬಂಡೂರಿನ ಕರಿಯಪ್ಪನ ಗದ್ದೆ. ಶಿವರಾಮು ನನ್ನನ್ನೂ ಹತ್ತಿಸಿಕೊಂಡ.

ಗದ್ದೆಯ ಬದುವಿನ ಮೇಲೆ ಅಂಕಮ್ಮ ನಿಂತಿದ್ದಳು. ಬರಿಗಾಲಿನಲ್ಲಿ ಗದ್ದೆಗೆ ಇಳಿದು ನಾಲ್ಕು ಹೆಜ್ಜೆ ಹಾಕಿ ಬಂದಳು. ಹಿಮ್ಮಡಿಗೆ ಕೆಸರು ಮೆತ್ತಿತ್ತು.

"ಕರಿಯಪ್ಪಣ್ಣ, ನೀರ್ ಬುಟ್ಟಿದ್ದೀಯಲ್ಲಣ್ಣ."

"ನಾನೆಲ್ ಬುಟ್ಟೆ? ಪಕ್ಕದೋನ್ ಗದ್ದೆಯಿಂದ ಬಸ್ದದೆ ಕಣಮ್ಮ," ಎಂದ ಕರಿಯಪ್ಪ. ಪಕ್ಕದ ಗದ್ದೆಯಲ್ಲಿ ಹುರುಳಿ ಒಣಗಿ ನಿಂತಿತ್ತು. ಎಲ್ಲರೂ ಅದನ್ನು ನೋಡಿದೆವು. ಕರಿಯಪ್ಪ ಮಾತ್ರ ನೋಡಲಿಲ್ಲ. "ಅಲ್ಲಾ, ಸಿವ್ರಾಮು ಮಿಲ್ಟ್ರಿ ಲಾಕ್ ಆಕ್ಸವ್ನಂತಲ್ಲ. ಅವುನಿಗ್ಯಾತುರ್ ಭಯ?"

ಶಿವರಾಮು ಬದುವಿನ ಮೇಲೆಯೇ ನಿಲ್ಲಿಸಿ ಸ್ವಿಚ್ ಒತ್ತಿದ. ನಿಧಾನಕ್ಕೆ ಇಳಿಸಿದ. ಅವನು ಅಷ್ಟು ನಿಧಾನ ಓಡಿಸಿದ್ದನ್ನು ನಾನು ಕಂಡಿರಲಿಲ್ಲ. ಖಾಲಿ ಲಾರಿ ಸಲೀಸಾಗಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಲೋಡಾಯಿತು. ಗುಂಪು ಬದುವಿನ ಮೇಲೆ ಹೋಗಿ ಕುಳಿತಿತು. ಯಾರೂ ಊಟದ ಗಂಟು ಬಿಚ್ಚಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡ ಬೆಳ್ಳಮ್ಮನೂ ಅಲ್ಲಿದ್ದಳು.

ಲಾರಿ ಹೊರಟಿತು. ಅರ್ಧ ಗದ್ದೆ ದಾಟಿತು. ಅಲ್ಲಿ ನೆಲ ತಗ್ಗು. ಗಾಡಿ ಭಾರವಾಗಿ, ಇನ್ನೂ ಭಾರವಾಗಿ, ನಿಂತೇಹೋಯಿತು. ಶಿವರಾಮುವಿನ ಕಾಲು ಒಂದು ಸಲ ಕೆಳಗೆ ಹೋಯಿತು. ಹಿಂದೆ ಚಕ್ರಗಳು ಒಂದು ಸುತ್ತು ಸುತ್ತಿದವು. ಬದುವಿನ ಮೇಲೆ ಯಾರೋ "ಓಯ್ತು" ಅಂದದ್ದು ಕೇಳಿಸಿತು. ಅವನ ಹಣೆಯಲ್ಲಿ ನರ ಎದ್ದಿತ್ತು. ಆದರೆ ಕಾಲು ತೆಗೆದ. ಗೇರ್ ಬಿಡಿಸಿ ಕೆಳಗೆ ಹಾರಿದ.

ಟೈರು ಒಂದು ಗೇಣೂ ಇಳಿದಿರಲಿಲ್ಲ.

ಗುಂಪಿನವರು ಏಳಲಿಲ್ಲ. ಅವನು ಕರೆಯಲೂ ಇಲ್ಲ. ಗುದ್ದಲಿ ತೆಗೆದು ಎಡಗಡೆಯ ಟೈರಿನ ಮುಂದೆ ಮಣ್ಣು ಸರಿಸಿದ. ಓಡಿಹೋಗಿ ಕಬ್ಬಿನ ಒಣ ತರಗು ತಬ್ಬಿ ತಂದು ಟೈರಿನ ಬಾಯಿಗೆ ತುರುಕಿದ. ಮತ್ತೆ ಓಡಿದ, ಮತ್ತೆ ತಂದ. ನಾನೂ ಅವನ ಜೊತೆ ಎಡಗಡೆಗೇ ತುಂಬುತ್ತಿದ್ದೆ. ಇಷ್ಟು ವರ್ಷ ಜಾರುತ್ತಿದ್ದುದು ಆ ಚಕ್ರವೇ ಅಲ್ಲವೇ, ಇಬ್ಬರ ತಲೆಗೂ ಬೇರೆ ಏನೂ ಹೊಳೆಯಲಿಲ್ಲ. ಅವನು ಕ್ಯಾಬಿನ್ ಹತ್ತಲು ಹೋದಾಗ ಬದುವಿನಿಂದ ಕೂಗು ಬಂತು.

"ಲೇ, ಬಲಗಡೀಕ್ ಯಾವೋನ್ಲಾ ಆಕೋನು?"

ಅಂಕಮ್ಮ ಎದ್ದು ನಿಂತಿದ್ದಳು.

"ಎರಡೂ ಸುತ್ತುದ್ವು ಕಣ್ಲಾ, ನಾನ್ ನೋಡ್ದೆ. ಎಡಗಡೀಕ್ ಮಾತ್ರ ಆಸ್ಗೆ ಆಸ್ತಾ ಕೂತವ್ರೆ ಇಬ್ರೂವೆ! ಎರಡೂ ಕಡೀಕೂ ಆಕ್ರುಲಾ."

ಶಿವರಾಮು ಬಲಗಡೆಗೆ ಓಡಿದ. ಅವನು ಮಣ್ಣು ಸರಿಸಿ ಮುಗಿಸುವಷ್ಟರಲ್ಲಿ ಅಂಕಮ್ಮ ಸೀರೆ ಎತ್ತಿಕಟ್ಟಿ ಒಂದು ತಬ್ಬು ತರಗು ತಂದು ಬಲಗಡೆಯ ಟೈರಿನ ಮುಂದೆ ಕೆಡವಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಕಬ್ಬನ್ನು ಯಾರೂ ಮುಟ್ಟಲಿಲ್ಲ.

"ಈಗ ಓಡ್ಸು. ಮೆಲ್ಲುಕ್ಕೆ."

ನಾನೂ ಪಕ್ಕದಲ್ಲಿ ಹತ್ತಿಕೊಂಡೆ. ಲಾರಿ ಒಂದು ಸಲ ಹಿಂದಕ್ಕೆ ತೂಗಿ ಮುಂದಕ್ಕೆ ಬಂತು. ತರಗು ಚರಚರ ಎಂದಿತು. ಎರಡು ಕಡೆಯ ಟೈರೂ ಒಟ್ಟಿಗೆ ಹಿಡಿದವು. ತಗ್ಗು ದಾಟಿತು, ಬದು ಹತ್ತಿತು. ಬೆಳ್ಳಮ್ಮ ಒಂದೇ ಕೈ ಎತ್ತಿ ಏನೋ ಕೂಗಿದಳು, ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಶಿವರಾಮುವಿಗೆ ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ. ನೇರ ರಸ್ತೆಗೆ ಏರಿಸಿ ಮಳವಳ್ಳಿ ಕಡೆಗೆ ಸ್ಟೇರಿಂಗ್ ಎಳೆದ. ಹಿಂದೆ ಟೈರು ಕಿರ್ರೋ ಎಂದು ಅರಚಿಕೊಂಡಿತು. ಗಾಡಿ ತಿರುಗದೆ ಎದುರಿನ ಚರಂಡಿಯ ಕಡೆಗೇ ನೂಕಿತು.

"ಸ್ವಿಚ್ಚು! ಸ್ವಿಚ್ಚು ಕಣ್ಲಾ!" ಎಂದು ಕಿರುಚಿದೆ.

ಅವನು ಬ್ರೇಕ್ ತುಳಿದ. ಸ್ವಿಚ್ ತೆಗೆದ. ಚೂರು ಹಿಂದಕ್ಕೆ, ಚೂರು ಮುಂದಕ್ಕೆ ಆಡಿಸಿದ. ಕೆಳಗೆ ಟಕ್ ಎಂದು ಲಾಕ್ ಬಿಟ್ಟಿತು. ಆಮೇಲೆ ನಿಧಾನಕ್ಕೆ ತಿರುಗಿಸಿ ಬದಿಗೆ ನಿಲ್ಲಿಸಿದ. ಬೆವರು ಒರೆಸಿಕೊಂಡು ಕ್ಯಾಬಿನ್ನಿನಿಂದ ಇಳಿಯುವಷ್ಟರಲ್ಲಿ ಅಂಕಮ್ಮ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇಬಿಟ್ಟಳು.

"ಚರಂಡೀಗ್ ಬೀಳ್ಸಿದ್ರೂ ಇಳ್ಸೋರು ನಾವೇಯ, ಗೊತ್ತಾಯ್ತಾ?"

"ಬೀಳ್ನಿಲ್ವಲ್ಲಕ್ಕ."

"ಬೀಳ್ನಿಲ್ಲ." ಅವಳು ಹಿಂದಿನ ಟೈರುಗಳನ್ನು ನೋಡಿದಳು. "ಇನ್ ಮ್ಯಾಲೆ ಯಾವ್ ಗದ್ದೆ ಆದ್ರೂ ಕಡ್ಯಕ್ ಮುಂಚಿನ್ ದಿನ ನಾನ್ ಓಗಿ ತುಳ್ದ್ ನೋಡ್ತೀನಿ. ನಾನ್ ಬ್ಯಾಡ ಅಂದ್ರೆ ಬ್ಯಾಡ. ನಿನ್ ಲಾಕು ಪಾಕು ಯೋಳಂಗಿಲ್ಲ. ರೈತ ಬಾಯ್ ಬಡ್ಕಂಡ್ರೂ ಸರಿ, ಗದ್ದೆ ಆರಗಂಟ ಕಾಯ್ಬೇಕು. ಆಯ್ತದಾ ನಿನ್ ಕೈಲಿ?"

ಶಿವರಾಮು ರಸ್ತೆ ನೋಡಿದ. ಲಾರಿ ನೋಡಿದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಕಾಯುವುದೆಂದರೆ ಅವನಿಗೆ ಎಷ್ಟು ಕಷ್ಟ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಅವಳೂ ಕಾದು ನಿಂತಳು.

"ಆಯ್ತು ಕಣಕ್ಕ," ಎಂದ. "ನಾಳೀಕೆ ಎಷ್ಟೊತ್ಗೆ ಬರ್ಲಿ?"

"ಬೆಳ್ಕರ್ದ್ ಮ್ಯಾಲೆ ಬಾ. ಕತ್ಲಲ್ಲೇ ಬಂದು ಮನೆ ಮುಂದೆ ಆರನ್ ಒಡೀಬ್ಯಾಡ."

ಮಾರನೆಯ ದಿನವೂ ಅವನು ಕತ್ತಲಲ್ಲೇ ಹೋಗಿದ್ದನಂತೆ. ಬೆಳಕು ಹರಿಯುವ ತನಕ ಲಾರಿಯ ಸುತ್ತ ತಿರುಗುತ್ತಿದ್ದ, ಹಾರನ್ ಮಾತ್ರ ಹೊಡೆಯಲಿಲ್ಲ ಎಂದು ಅಂಕಮ್ಮನೇ ಹೇಳಿದಳು.