ಹಂಸದ ಕಿರೀಟ ಕಟ್ಟಿದ ತಿಂಗಳು

ನನ್ನ ತಂಗಿ ತೀರಿಕೊಂಡಾಗ ಅವಳ ಮಗಳಿಗೆ ಎರಡು ವರ್ಷ. ಕುಣಿಗಲ್ಲಿನಿಂದ ಮಗುವನ್ನು ಎತ್ತಿಕೊಂಡು ಬಂದ ಅವಳಪ್ಪ, "ನೀವೇ ನೋಡ್ಕೊಳ್ಳಿ ಅತ್ತಿಗೆ, ನನ್ ಕೈಲಾಗಲ್ಲ" ಎಂದು ಅತ್ತಿದ್ದ. ನನಗೂ ನನ್ನ ಗಂಡನಿಗೂ ಮಕ್ಕಳಿರಲಿಲ್ಲ. ಬಟವಾಡಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತಿದ್ದೆ. ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಅವಳು ಏಳು ವರ್ಷ ಬೆಳೆದಳು.

ಮೂರನೇ ಕ್ಲಾಸಿನಲ್ಲಿ ಅವಳಿಗೆ ಬ್ಯಾಲೆ ಹುಚ್ಚು ಹತ್ತಿತು. ಡ್ಯಾನ್ಸ್ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಅವಳೇ ಬಿಳಿ ಹಂಸ. ತಲೆಗೆ ಗರಿಯ ಕಿರೀಟ ಬೇಕು ಎಂದ ಟೀಚರ್‌ಗೆ, "ನಮ್ ದೊಡ್ಡಮ್ಮ ಮಾಡ್ತಾರೆ ಮಿಸ್" ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟು ಬಂದಿದ್ದಳು.

ಸಿ.ಎಸ್. ಪುರದ ಹತ್ತಿರ ನನ್ನ ಸೋದರತ್ತೆಯ ತೋಟದಲ್ಲಿ ಬಿಳಿ ಬಾತುಕೋಳಿಗಳಿದ್ದವು. ಒಂದು ಭಾನುವಾರ ಗುಬ್ಬಿಯಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋದೆವು. ತೊಟ್ಟಿಯ ಸುತ್ತ ಕೆಸರಿನಲ್ಲಿ ಉದುರಿದ್ದ ಗರಿಗಳನ್ನೆಲ್ಲ ಅವಳು ಲಂಗದಲ್ಲಿ ತುಂಬಿಕೊಂಡಳು.

"ಪುಕ್ಕ ತಗೊಂಡೋಗಿ ಏನ್ ಮಾಡ್ತೀಯೇ?" ಎಂದರು ಅತ್ತೆ.

"ಹಂಸ ಆಯ್ತೀನಿ ಕಣಜ್ಜಿ."

ಗರಿಗಳನ್ನು ಶಾಂಪೂ ನೀರಿನಲ್ಲಿ ಮೂರು ಸಲ ತೊಳೆದು, ಹಾರದಂತೆ ತೆಳು ಪಂಚೆ ಮುಚ್ಚಿ ಒಣಗಿಸಿದೆ. ಕಾಲರಿಗೆ ಹಾಕುವ ಗಟ್ಟಿ ಬಕ್ರಮ್ ಬಟ್ಟೆಯ ಪಟ್ಟಿಗೆ ತಂತಿ ಕೊಟ್ಟು ಬಿಳಿ ಸ್ಯಾಟಿನ್ ಹೊದಿಸಿದೆ. ಬರೀ ಗಮ್ಮಿನಲ್ಲಿ ಅಂಟಿಸಿದರೆ ಬೆವರಿಗೆ ಬಿಟ್ಟುಕೊಳ್ಳುತ್ತದೆಂದು ಒಂದೊಂದು ಗರಿಯ ಬುಡಕ್ಕೂ ಸೂಜಿ ಹಾಕಿದೆ. ಹಣೆಯ ಮೇಲೆ ಪುಟ್ಟವು, ಕಿವಿ ಮುಚ್ಚುವಲ್ಲಿ ಉದ್ದನೆಯವು. ಅಳತೆ ನೋಡಲು ಕರೆದಾಗಲೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು.

ಕಿರೀಟದ ಬಲಗಡೆ ಅರ್ಧ ಮುಗಿದಿದ್ದಾಗ ಅವಳಪ್ಪ ಬಂದ. ಅವನು ಮತ್ತೆ ಮದುವೆಯಾಗಿ ಒಂದು ವರ್ಷವಾಗಿತ್ತು.

"ಮಗೂನ ಕರ್ಕೊಂಡೋಗ್ತೀನಿ ಅತ್ತಿಗೆ. ನನ್ ಹೆಂಡ್ತೀನೂ ಒಪ್ಪವ್ಳೆ, ಚೆನ್ನಾಗ್ ನೋಡ್ಕೋತಾಳೆ. ಎಷ್ಟ್ ದಿನ ಅಂತ ನಿಮ್ ಮೇಲೆ ಹಾಕ್ಲಿ?"

"ನಾನೇನಾದ್ರೂ ಭಾರ ಅಂದಿದ್ನಾ?" ಎಂದೆ. ಅವನು ತಲೆ ತಗ್ಗಿಸಿದ. "ನನ್ ಮಗಳಲ್ವಾ ಅತ್ತಿಗೆ" ಎಂದ. ನಾನು ಅವಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ಕಾರ್ಯಕ್ರಮದ ದಿನ ತಪ್ಪದೆ ಕರೆತರುತ್ತೇನೆಂದು ಮಾತು ಕೊಟ್ಟು, ಮರುದಿನವೇ ಕರೆದುಕೊಂಡು ಹೋದ. ಉಳಿದ ಗರಿಗಳನ್ನು ಅಂದಾಜಿನ ಮೇಲೆ ಹೊಲಿದೆ.

ಮಾತಿನಂತೆ ಮೂರು ವಾರದ ಮೇಲೆ ಅಪ್ಪ, ಮಗಳು, ಅವನ ಹೊಸ ಹೆಂಡತಿ ಮೂವರೂ ಬಂದರು. ವೇದಿಕೆಯ ಹಿಂದೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತುರುಬು ಬಿಗಿದು, ಕಿರೀಟಕ್ಕೆ ಪಿನ್ನು ಚುಚ್ಚುತ್ತಿದ್ದೆ. ಅಳತೆ ಸರಿಯಾಗಿತ್ತು.

"ದೊಡ್ಡಮ್ಮ, ಇವತ್ತು ನಿಮ್ಮನೇಲಿ ಮಲ್ಕೊಳ್ಲಾ?" ಎಂದಳು.

ಏಳು ವರ್ಷ ಅವಳ ಬಾಯಲ್ಲಿ ಅದು 'ನಮ್ಮನೆ'ಯಾಗಿತ್ತು. ಪಿನ್ನು ನನ್ನ ಬೆರಳಿಗೆ ಚುಚ್ಚಿಕೊಂಡಿತು. "ಅಪ್ಪನ್ನ ಕೇಳು ಮಗಳೇ" ಎಂದೆ.

ಅವಳು ಕುಣಿದದ್ದು ನಾಲ್ಕು ನಿಮಿಷ. ನಾನು ಸರಿಯಾಗಿ ನೋಡಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಮುಗಿದ ಮೇಲೆ ಅವಳು ಓಡಿ ಹೋಗಿ ಅವಳಪ್ಪನ ಹೆಂಡತಿಯ ಸೊಂಟ ತಬ್ಬಿಕೊಂಡು, "ಹೆಂಗಿತ್ತಮ್ಮಾ?" ಎಂದು ಕೇಳಿದಳು. ಆಕೆ ಅಕ್ಕರೆಯಿಂದಲೇ ಅವಳ ಬೆವರು ಒರೆಸಿದಳು. ನಾನು ಬಯಸಬೇಕಾದ್ದೂ ಅದನ್ನೇ.

ನಾಳೆ ಸ್ಕೂಲಿದೆ ಎಂದು ಅವಳಪ್ಪ ಅವಸರ ಮಾಡಿದ. ಕುಣಿಗಲ್ ಬಸ್ಸಿನ ಕಿಟಕಿಯಿಂದ ಅವಳು ಕೈ ಬೀಸುತ್ತಲೇ ಇದ್ದಳು. ಬಸ್ಸು ತಿರುವು ದಾಟಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಗಂಡ ಬಂದು ಭುಜ ಮುಟ್ಟಿ, "ನಡಿ, ಆಟೋ ಸಿಕ್ಕಿದೆ" ಎಂದರು.