ನಿಮ್ಮ ಮನಸ್ಸಿಗೆ ಬಂದಷ್ಟು

ಮಂಡಿಪೇಟೆಯ ಸಗಟು ಪಾತ್ರೆ ಅಂಗಡಿಯೊಂದರಲ್ಲಿ ನಾನು ಮೂವತ್ತು ವರ್ಷದಿಂದ ಗುಮಾಸ್ತ. ನಮ್ಮಲ್ಲಿ ಸಂಬಳ ಏರುವುದು ವರ್ಷಕ್ಕೊಮ್ಮೆ, ದೀಪಾವಳಿಯ ಅಂಗಡಿ ಪೂಜೆ ಮುಗಿದ ಮಾರನೇ ದಿನ. ಸಾವ್ಕಾರ್ರು ಒಬ್ಬೊಬ್ಬರನ್ನೇ ಕರೆದು, "ಈ ಸಲ ಏನ್ ಮಾಡ್ಲಿ, ಹೇಳ್ರಿ" ಎನ್ನುತ್ತಾರೆ. ಮರ್ಯಾದಸ್ಥನಾದವನು "ನಿಮ್ಮ ಮನಸ್ಸಿಗೆ ಬಂದಷ್ಟು" ಎನ್ನಬೇಕು. ಎಷ್ಟೋ ವರ್ಷದಿಂದ ಅವರ ಮನಸ್ಸಿಗೆ ಐನೂರು ರೂಪಾಯಿಯೇ ಬರುತ್ತಿದೆ. ಅಂಥ ಸ್ಥಿರಚಿತ್ತ ಯೋಗಿಗಳಿಗೂ ದುರ್ಲಭ.

ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ಲು ಹಾಕುವ ಹೆಣ್ಣುಮಗಳು ನನ್ನಂತೆಯೇ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವವಳು. ಹೋದ ವರ್ಷ ಅವಳ ಮಗಳಿಗೆ ಅಂಗಡಿಯಿರುವ ಊರಿನ ವಿದ್ಯಾನಗರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹುಡುಗಿಗೆ ಬಸ್ಸೆಂದರೆ ವಾಂತಿ. ಇಳಿದ ಮೇಲೂ ಅರ್ಧ ದಿನ ತಲೆ ಎತ್ತಲಾರಳು. ದೀಪಾವಳಿವರೆಗೆ ಹೇಗೋ ಓಡಾಡಲಿ, ಸಂಬಳ ಮೂರು ಸಾವಿರ ಏರಿದರೆ ಹಾಸ್ಟೆಲಿಗೆ ಸೇರಿಸೋಣ ಎಂದು ತಾಯಿಯ ಲೆಕ್ಕ. ಸಾವ್ಕಾರ್ರನ್ನು ಅವಳು ತಾನೇ ಕೇಳಲು ಹೊರಟಿದ್ದಳು. ತಡೆದವನು ನಾನು.

"ನೀನು ಕೇಳಿದ್ರೆ ಅವರಿಗೆ ಸಿಟ್ಟು ಬರ್ತೈತೆ. ಹಿರಿಯ ಅಂತ ನಾನಿದೀನಲ್ಲ. ಇಬ್ಬರದೂ ಸೇರಿಸಿ ನಾನೇ ಮಾತಾಡ್ತೀನಿ," ಎಂದೆ. ಹಾಗೆನ್ನುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂಬುದನ್ನೂ ಮುಚ್ಚಿಡಬಾರದು.

ಹದಿನೈದು ದಿನ ಬಸ್ಸಿನಲ್ಲಿ ನನಗೆ ಪಾಠವಾಯಿತು.

"ಅಣ್ಣಾರೆ, ಮೂರು ಸಾವಿರ ಅನ್ರಿ, ಅಂದು ಸುಮ್ನಾಗ್ರಿ. ಪೀಠಿಕೆ ಬ್ಯಾಡ."

"ಪೀಠಿಕೆ ಇಲ್ದೆ ಮಾತು ಹೆಂಗವ್ವಾ?"

"ನಿಮ್ಮ ಪೀಠಿಕೆ ಮುಗಿಯೋದ್ರೊಳಗೆ ನನ್ನ ಮಗಳ ಡಿಗ್ರಿ ಮುಗಿದಿರ್ತೈತೆ."

ಕಂಡಕ್ಟರ್ ನಕ್ಕ.

ಆ ದಿನ ಬಂತು. ನಾನು ಒಳಗೆ ಕಾಲಿಟ್ಟೆ. "ಬರ್ರಿ ಗುಮಾಸ್ತ್ರೆ, ಕೂಡ್ರಿ," ಎಂದು ಸಾವ್ಕಾರ್ರು ತಮ್ಮ ಗಾದಿಯ ಮೇಲೇ ಜಾಗ ಬಿಟ್ಟರು. ಮೂವತ್ತು ವರ್ಷದಲ್ಲಿ ಅದು ಮೊದಲನೆಯ ಸಲ. ತಮ್ಮ ಕೈಯಾರೆ ಕರಜಿಕಾಯಿಯನ್ನೂ ಕೊಟ್ಟರು. ಬಾಯಿ ತುಂಬ ಅದನ್ನಿಟ್ಟುಕೊಂಡು ನಾನು ಕೃತಾರ್ಥನಾಗಿ ಕೂತಿರುವಾಗ ಪ್ರಶ್ನೆ ಬಂತು: "ಏನ್ ಮಾಡ್ಲಿ, ಹೇಳ್ರಿ."

ಹೊರಗೆ ಕೀಬೋರ್ಡಿನ ಸದ್ದು ನಿಂತಿತು.

"ನಿಮ್ಮ ಮನಸ್ಸಿಗೆ ಬಂದಷ್ಟು," ಎಂದೆ.

"ಬಿಲ್ ಹಾಕೋ ಆಯಮ್ಮಂದೂ ನೀವೇ ಹೇಳ್ತೀರಂತಲ್ಲ?"

"ಆಯಮ್ಮಂದೂ ಹಂಗೇ."

"ನೋಡ್ರಿ, ಇದು ದೊಡ್ಡತನ. ಈಗಿನೋರು ಬಂದ ಕೂಡ್ಲೆ ಅಂಕಿ ಹೇಳ್ತಾರೆ," ಎಂದು ಅವರು ಇಬ್ಬರಿಗೂ ಐನೂರು ಬರೆದುಕೊಂಡರು.

ಸಂಜೆ ಬಸ್ಸಿನಲ್ಲಿ ಅವಳು, "ನಾನೇ ಕೇಳಿದ್ರೆ ಏನಾಗ್ತಿತ್ತು? ಬೈತಿದ್ರು. ಅಷ್ಟೇ ಅಲ್ರೀ?" ಎಂದಳು. ಅಷ್ಟೇ ಆಗುತ್ತಿತ್ತು. ಮರುದಿನ ಅವಳೇ ಒಳಗೆ ಹೋದಳು. "ಗುಮಾಸ್ತ್ರು ಒಪ್ಪಿ ಆಗೈತಲ್ಲಮ್ಮ, ಇನ್ನು ಮುಂದಿನ ವರ್ಷ," ಎಂದರಂತೆ. ಬೈಯಲೂ ಇಲ್ಲ.

ಹುಡುಗಿ ಈಗಲೂ ಬೆಳಗಿನ ಬಸ್ಸಿನಲ್ಲಿ ತಾಯಿಯ ಪಕ್ಕ, ಮೂಗಿಗೆ ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ ಕೂರುತ್ತಾಳೆ. ಹಣ್ಣು ನಮ್ಮ ಹಿತ್ತಲಿನ ಗಿಡದ್ದು. ದಿನಾ ಒಂದು ತರುತ್ತೇನೆ, ನನ್ನಿಂದಾದದ್ದು ಅಷ್ಟು. ಮೊನ್ನೆ ಅದನ್ನು ಇಸಿದುಕೊಳ್ಳುತ್ತ ಅವಳು, "ಅಜ್ಜಾರೆ, ನಮ್ಮಮ್ಮನ ಸಲುವಾಗಿ ನೀವು ಸಾವ್ಕಾರ್ರ ಹತ್ರ ಭಾಳ ವಾದ ಮಾಡಿದ್ರಂತೆ. ಅಮ್ಮ ಹೇಳಿದ್ಲು," ಎಂದಳು.

ನಾನು ತಾಯಿಯ ಕಡೆ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.